ಎಲುಬಿನ ಮೇಷ್ಟ್ರು ಹುಡುಕಿದ ಪದ

ಕಳೆದ ವಾರ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಶಿಷ್ಯನೊಬ್ಬ ಸಿಕ್ಕ. ಅವನಿಗೂ ಈಗ ತಲೆ ನೆರೆತಿದೆ. ಬಸ್ಸಿನ ಕಿಟಕಿಯ ಹತ್ತಿರ ಕೂತಿದ್ದ ನನ್ನನ್ನು ಗುರುತು ಹಿಡಿದು, ಮಂಡಿನೋವು ವಿಚಾರಿಸಿ, ಬಸ್ಸು ಹೊರಡುವ ಹೊತ್ತಿಗೆ, "ನಮ್ಮ ಎಲುಬಿನ ಮೇಷ್ಟ್ರು ಹೋದ್ರಂತಲ್ರೀ ಸಾರ್, ಗೊತ್ತಾತೇನ್ರಿ? ಎರಡು ತಿಂಗಳಾತಂತ" ಎಂದ. ಯಾವ ಊರಲ್ಲಿ, ಯಾರ ಹತ್ತಿರ ಇದ್ದರು ಎಂದು ಕೇಳುವಷ್ಟರಲ್ಲಿ ಬಸ್ಸು ಹೊರಟಿತು. ಕೇಳಿದ್ದರೂ ಅವನಿಗೆ ಗೊತ್ತಿರುತ್ತಿರಲಿಲ್ಲ. ಆ ಮನುಷ್ಯನ ಬಗ್ಗೆ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ, ನನಗೆ ಸ್ವಲ್ಪ ಗೊತ್ತಿತ್ತು. ಆ ಸ್ವಲ್ಪವನ್ನು ಬರೆದಿಡೋಣ ಎಂದು ಕೂತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಇದರಲ್ಲಿ ತಪ್ಪು ಮಾಡಿದವನು ನಾನು, ಹಾಗಾಗಿ ಅವರ ಹೆಸರಿನ ಅಗತ್ಯವೂ ಇಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಸೊರಬ ತಾಲ್ಲೂಕಿನ ಹೊಸಬಾಳೆಯವನು. ಶಿಕಾರಿಪುರದ ಹೈಸ್ಕೂಲಿಗೆ ಕನ್ನಡ ಪಂಡಿತನಾಗಿ ಸೇರಿದಾಗ ಇಪ್ಪತ್ತನಾಲ್ಕು ವರ್ಷ. ಹೆಗಲ ಮೇಲೆ ಶಲ್ಯ, ತಲೆಯೊಳಗೆ ಹಳಗನ್ನಡ, ಬಾಯಿ ತೆರೆಯುವ ಮುಂಚೆ ಒಂದು ಗಂಭೀರವಾದ ಕೆಮ್ಮು. ಮೊದಲ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೈ ಮುಗಿದರು. ಮೂಲೆಯಲ್ಲಿದ್ದ ವಿಜ್ಞಾನದ ಮೇಷ್ಟ್ರು ಮಾತ್ರ ಎದ್ದು ಬಂದು ಕೈ ಕುಲುಕಿದರು. ಕುಲುಕಿದವರು ಬಿಡಲಿಲ್ಲ. ಹೆಬ್ಬೆರಳಿನಿಂದ ನನ್ನ ಮಣಿಕಟ್ಟನ್ನು ಅಲ್ಲಲ್ಲಿ ಒತ್ತಿ ನೋಡಿ, "ಎಂಟೂ ಇವೆ ರೀ" ಎಂದು ಹೇಳಿ ತಮ್ಮ ಜಾಗಕ್ಕೆ ಹೋಗಿ ಕೂತರು. ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ ಎಂಬುದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನಾನು ಕೈಯನ್ನು ಶಲ್ಯದೊಳಗೆ ಮುಚ್ಚಿಕೊಂಡಿದ್ದೆ.

ನಲವತ್ತು ದಾಟಿದವರು, ಒಂಟಿ. ಉದ್ದನೆ ಆಳು, ಸ್ವಲ್ಪ ಬಾಗಿದ ಬೆನ್ನು. ಎಲ್ಲಿಯವರು ಎಂದರೆ ದಕ್ಷಿಣದ ಕಡೆ ಕೈ ತೋರಿಸುತ್ತಿದ್ದರು. ಯಾವ ಜನ ಎಂದು ಸುತ್ತಿ ಬಳಸಿ ಕೇಳಿದವರಿಗೆ, "ಇನ್ನೂರಾರು ಎಲುಬಿನ ಜನ ರೀ, ನೀವು?" ಎನ್ನುತ್ತಿದ್ದರು. ಬೀದಿಯಲ್ಲಿ ನಡೆಯುವವರನ್ನು ಹಿಂದಿನಿಂದ ನೋಡಿಯೇ ಅವರ ಬದುಕು ಹೇಳುವುದು ಅವರ ಚಾಳಿ. ಒಬ್ಬ ಹೆಂಗಸನ್ನು ನೋಡಿ, "ಬಲ ಸೊಂಟದ ಮೇಲೆ ಕಡಿಮೆ ಅಂದ್ರೂ ಮೂರು ಮಕ್ಕಳನ್ನ ಹೊತ್ತಿದಾಳೆ" ಎಂದರು. ಹೋಗಲಿ. ಒಂದು ದಿನ ಹೆಡ್‌ಮಾಸ್ಟರ ನಡಿಗೆ ನೋಡಿ, "ಸಾರ್, ತಾವು ಸಣ್ಣೋರಿದ್ದಾಗ ಮರದಿಂದ ಬಿದ್ದಿದ್ರಾ?" ಎಂದು ಎಲ್ಲರ ಎದುರಿಗೇ ಕೇಳಿಬಿಟ್ಟರು. ಬಿದ್ದಿದ್ದರಂತೆ, ಅದೂ ಪಕ್ಕದವರ ಪೇರಲೆ ಮರದಿಂದ. ಹೆಡ್‌ಮಾಸ್ಟರು ಅದನ್ನು ಮರೆಯಲೇ ಇಲ್ಲ.

ಮೇಷ್ಟ್ರಾಗುವ ಮುಂಚೆ ನಾಲ್ಕು ವರ್ಷ ಅವರು ದೂರದ ಒಂದು ಮೆಡಿಕಲ್ ಕಾಲೇಜಿನಲ್ಲಿದ್ದರು. ಡಾಕ್ಟರಾಗಿ ಅಲ್ಲ. ಕಲಿಯುವವರು ಕೊಯ್ದು ಬಿಟ್ಟ ಹೆಣಗಳಿಂದ ಎಲುಬನ್ನು ಬಿಡಿಸಿ, ತೊಳೆದು, ಒಣಗಿಸಿ, ತಂತಿ ಪೋಣಿಸಿ ಅಸ್ಥಿಪಂಜರವಾಗಿ ನಿಲ್ಲಿಸುವುದು ಅವರ ಕೆಲಸ. ಇದನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ, ಅದೇ ತಪ್ಪಾಯಿತು. ಹೇಳಿದ ವಾರದಿಂದಲೇ ಸ್ಟಾಫ್ ರೂಮಿನ ಹೂಜಿಯಿಂದ ಅವರು ನೀರು ಬಗ್ಗಿಸಿಕೊಂಡರೆ ಉಳಿದವರಿಗೆ ಬಾಯಾರಿಕೆ ಆಗುತ್ತಿರಲಿಲ್ಲ. ಬಾಡಿಗೆ ಮನೆಯ ಯಜಮಾನಿತಿ ಬಾವಿಯ ಹಗ್ಗ ಮುಟ್ಟಲು ಬಿಡದೆ ತಾನೇ ನೀರು ಸೇದಿ ಅವರ ಕೊಡಕ್ಕೆ ಎತ್ತರದಿಂದ ಸುರಿಯುತ್ತಿದ್ದಳು. "ಎಷ್ಟು ಉಪಕಾರ ನೋಡಿ, ನನಗೆ ಸೇದೋ ಶ್ರಮ ಇಲ್ಲ" ಎಂದು ಅವರು ನಗುತ್ತಿದ್ದರು. ಮದುವೆ ಮುಂಜಿಗೆ ಅವರಿಗೆ ಕರೆಯೋಲೆ ಬರುತ್ತಿತ್ತು, ಬಾಯಿ ಮಾತಿನಲ್ಲಿ ಬನ್ನಿ ಎಂದು ಯಾರೂ ಹೇಳುತ್ತಿರಲಿಲ್ಲ. ನಮ್ಮ ಕಡೆ ಇವೆರಡಕ್ಕೂ ಇರುವ ಅಂತರ ಎಲ್ಲರಿಗೂ ಗೊತ್ತು. ಅವರು ಹೋಗುತ್ತಿರಲಿಲ್ಲ.

ನಾನು ಅವರ ಮನೆಗೆ ಹೋಗುತ್ತಿದ್ದೆ, ಉಣ್ಣುತ್ತಲೂ ಇದ್ದೆ. ನನ್ನ ಧೈರ್ಯ ಎಂದು ಯಾರೂ ತಿಳಿಯಬಾರದು. ಹೋಗುತ್ತಿದ್ದುದು ಹಿಂದಿನ ಓಣಿಯಿಂದ, ಹಿತ್ತಿಲ ಬಾಗಿಲಿಗೆ. ಅವರು ಮೆಂತ್ಯದ ಸೊಪ್ಪಿನ ಪಲ್ಯ ಚೆನ್ನಾಗಿ ಮಾಡುತ್ತಿದ್ದರು. ನನಗೆ ಹೋಟೆಲಿನ ಊಟ ಹಿಡಿಸುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರೊಬ್ಬರೇ ನನ್ನನ್ನು ದೊಡ್ಡ ವಿದ್ವಾಂಸ ಎಂಬಂತೆ ಪ್ರಶ್ನೆ ಕೇಳುತ್ತಿದ್ದರು.

ವಿಜ್ಞಾನವನ್ನು ಕನ್ನಡದಲ್ಲೇ ಹೇಳಬೇಕೆಂಬ ಮಾತು ಎದ್ದಿದ್ದ ಕಾಲ. ಅವರ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇತ್ತು. ಮೈಯ ಒಂದೊಂದು ಭಾಗಕ್ಕೂ ಕನ್ನಡದ ಮಾತು ಹುಡುಕಿ ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಕೆಲವು ಗರಡಿಮನೆಯವರಿಂದ, ಕೆಲವು ಸೂಲಗಿತ್ತಿಯಿಂದ, ಹೆಚ್ಚಿನವು ಕೈಕಾಲು ಮುರಿದವರಿಗೆ ಕಟ್ಟು ಹಾಕುವ ಮುದುಕನೊಬ್ಬನಿಂದ ಬಂದವು. ಎಲ್ಲೂ ಸಿಗದಿದ್ದಾಗ ಮೇಜನ್ನು ಬೆರಳ ಗಂಟಿನಿಂದ ಎರಡು ಸಲ ತಟ್ಟಿ, "ಪಂಡಿತರೇ, ಒಂದು ಪದ ಬೇಕಿತ್ತಲ್ಲ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನ್ನ ಎದೆ ಒಂದು ಗೇಣು ಉಬ್ಬುತ್ತಿತ್ತು.

ಒಂದು ಭಾನುವಾರ ಅವರು ಕೇಳಿದ ಪದ 'ಎಕ್ಸ್‌ಕಾರ್ನೇಷನ್'. ನಾನು ಕೇಳಿಯೇ ಇರಲಿಲ್ಲ. ಡಾಕ್ಟರುಗಳೂ ಕೇಳಿರುವುದಿಲ್ಲ, ದೊಡ್ಡ ಡಿಕ್ಷನರಿಯ ಯಾವುದೋ ಮೂಲೆಯಲ್ಲಿದೆ ಎಂದರು.

"ಲ್ಯಾಟಿನ್ ರೀ. ಎಕ್ಸ್ ಅಂದ್ರೆ ಹೊರಗೆ. ಕಾರ್ನಿಸ್ ಅಂದ್ರೆ ಮಾಂಸದ. ಎಲುಬನ್ನ ಮಾಂಸದಿಂದ ಹೊರಗೆ ತರೋದು. ಇನ್‌ಕಾರ್ನೇಷನ್ ಗೊತ್ತಲ್ಲ?"

"ಅವತಾರ."

"ಹಾಂ. ದೇವರು ಮಾಂಸದ ಒಳಗೆ ಬರೋದು. ಇದು ಅದರ ಉಲ್ಟಾ. ನಾಲ್ಕು ವರ್ಷ ನಾನು ಮಾಡ್ತಿದ್ದದ್ದು ಇದನ್ನೇ. ಮಾಡೋವಾಗ ಇದಕ್ಕೊಂದು ಹೆಸರಿದೆ ಅಂತ ಗೊತ್ತಿರಲಿಲ್ಲ. ಅಲ್ಲಿ ಎಲ್ಲರೂ 'ಆ ಕೆಲಸ' ಅಂತಿದ್ರು."

ಆಮೇಲೆ ಅವರು ಹೇಳಿದ ಸಂಗತಿ ನನಗೆ ಇಂದಿಗೂ ನೆನಪಿದೆ. ಹಿಂದಿನ ಕಾಲದಲ್ಲಿ ಯುರೋಪಿನ ದೊಡ್ಡ ಮನುಷ್ಯರು ದೂರದ ಯುದ್ಧದಲ್ಲೋ ಯಾತ್ರೆಯಲ್ಲೋ ಸತ್ತರೆ ಹೆಣವನ್ನು ಅಷ್ಟು ದೂರ ಸಾಗಿಸುವಂತಿರಲಿಲ್ಲ. ಜೊತೆಯವರು ಅದನ್ನು ನೀರಿನಲ್ಲಿ ಕುದಿಸಿ, ಮಾಂಸವನ್ನು ಅಲ್ಲೇ ಹೂತು, ಎಲುಬನ್ನು ಮಾತ್ರ ಗಂಟು ಕಟ್ಟಿಕೊಂಡು ತಿಂಗಳುಗಟ್ಟಲೆ ನಡೆದು ಮನೆಗೆ ಮುಟ್ಟಿಸುತ್ತಿದ್ದರಂತೆ. ಕೇಳಿ ನನಗೆ ಅಸಹ್ಯವಾಯಿತು. "ನಮ್ಮಲ್ಲಿ ಅಸ್ಥಿ ಮನೆ ಬಿಟ್ಟು ಗೋಕರ್ಣಕ್ಕೆ ಹೋಗುತ್ತೆ, ಅವರಲ್ಲಿ ಮನೆಗೇ ಬರುತ್ತೋ" ಎಂದೆ.

"ಬರಬೇಕು ಅನ್ನೋರು ಮನೇಲಿದ್ರೆ ಬರುತ್ತೆ" ಎಂದರು. ಸೌಟು ಕೈಗೆ ತೆಗೆದುಕೊಂಡು, "ನನ್ನವನ್ನ ಎಲ್ಲಿಗೆ ಕಳಿಸ್ಬೇಕು ಅಂತ ಒಂದ್ಸಲ ಯೋಚನೆ ಮಾಡ್ದೆ. ಅಡ್ರೆಸ್ಸೇ ಹೊಳೀಲಿಲ್ಲ ರೀ" ಎಂದು ಪಲ್ಯ ಬಡಿಸಿದರು. ಆಗ ನಾನೇನಾದರೂ ಹೇಳಬೇಕಿತ್ತು. ನಾನು ಪಲ್ಯ ತಿಂದೆ.

ಮೂರು ದಿನ ನಿಘಂಟು ತಡಕಾಡಿ 'ನಿರ್ಮಾಂಸೀಕರಣ' ಎಂಬ ಪದ ಕಟ್ಟಿ, ದುಂಡಗೆ ಬರೆದು ಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು. "ಇದನ್ನ ನಮ್ಮ ಹುಡುಗರು ಹೇಳಿ ಮುಗಿಸೋ ಹೊತ್ತಿಗೆ ಎಲುಬೂ ಉಳಿಯಲ್ಲ ಪಂಡಿತರೇ" ಎಂದರು. ನನಗೆ ಸಿಟ್ಟು ಬಂತು. ಒಂದು ವಾರ ಅವರ ಮನೆ ಕಡೆ ಹೋಗಲಿಲ್ಲ. ಎಂಟನೆಯ ದಿನ ಅವರೇ ನನ್ನ ರೂಮಿಗೆ ಬಂದರು. "ನಿಮ್ಮ ಪದದಲ್ಲಿ ತಪ್ಪಿಲ್ಲ ರೀ. ಆದರೆ ಈ ಕೆಲಸ ಮಾಡಿದ ಯಾರ ಬಾಯಲ್ಲೂ ಅದು ಬರಲ್ಲ. ಹುಡುಕ್ತಾ ಇರಿ, ನೋಟ್‌ಬುಕ್ಕಲ್ಲಿ ಜಾಗ ಖಾಲಿ ಬಿಟ್ಟಿರ್ತೀನಿ" ಎಂದರು. ಮುನಿಸಿಕೊಂಡ ಸಣ್ಣವನನ್ನು ಹುಡುಕಿಕೊಂಡು ಬರುವ ದೊಡ್ಡವರು ಎಷ್ಟು ಮಂದಿ ಇರುತ್ತಾರೆ? ಅವರಿಗೆ ಊರಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು.

ಸ್ಕೂಲಿನಲ್ಲಿ ಎಲುಬಿನ ಪಾಠಕ್ಕೆ ಒಂದು ಮಾಸಿದ ಪಟ ಬಿಟ್ಟರೆ ಏನೂ ಇರಲಿಲ್ಲ. ಮಕ್ಕಳಿಗೆ ನಿಜವಾದ ಒಂದು ಅಸ್ಥಿಪಂಜರ ತೋರಿಸಬೇಕು, ಮನುಷ್ಯನದು ಬೇಡ, ಅವರು ದಿನಾ ನೋಡುವ ಎತ್ತಿನದೇ ಆಗಲಿ ಎಂಬುದು ಅವರ ಆಸೆ. ಉಡುತಡಿಯ ಒಬ್ಬ ರೈತರ ಮನೆಯ ಎತ್ತು ಎರಡು ವರ್ಷದ ಹಿಂದೆ ಸತ್ತಿತ್ತು. ಆ ಮನೆಯವರು ಶಿವಭಕ್ತರು, ಎತ್ತೆಂದರೆ ಬಸವಣ್ಣ. ವಿಭೂತಿ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಹೊಲದ ಬದುವಿನಲ್ಲಿ ಹೂತಿದ್ದರು. ಮೇಷ್ಟ್ರು ಭಾನುವಾರ ಸೈಕಲ್ಲು ಹತ್ತಿ ಅಲ್ಲಿಗೆ ಹೋಗಿ ಬದುವಿನ ಮೇಲೆ ಕೂತು ಬರುತ್ತಿದ್ದರು. ನಾಲ್ಕೈದು ಸಲ ಹೋದರೂ ಬಾಯಿ ಬಿಟ್ಟು ಕೇಳಲಿಲ್ಲ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋದರು. ಆ ದಿನ ಮನೆಯ ಮುದುಕಿಯೇ ನಮ್ಮನ್ನು ಜಗಲಿಗೆ ಕರೆದು, "ಏನು ಬೇಕಾಗಿತ್ರಿ ನಿಮಗ? ವಾರಾ ಬಂದು ಕುಂದರ್ತೀರಿ" ಎಂದಳು. ಇವರು ಹೇಳಿದರು. ಪಕ್ಕದಲ್ಲಿದ್ದ ಅವಳ ಗಂಡ ಧಡಕ್ಕನೆ ಎದ್ದು ಒಳಗೆ ಹೋದ. ಮುದುಕಿ ಕೂತೇ ಇದ್ದಳು.

"ತಗಂಡು ಹೋಗಿ ಏನು ಮಾಡ್ತೀರಿ?"

"ತೊಳೆದು, ಜೋಡಿಸಿ, ನಿಲ್ಲಿಸ್ತೀನಿ ತಾಯಿ."

"ನಿಲ್ಲಿಸ್ತೀರಾ?"

"ಹೌದು. ಇದ್ದ ಹಾಗೇ, ನಾಲ್ಕು ಕಾಲ ಮೇಲೆ."

ಮುದುಕಿ ಬಹಳ ಹೊತ್ತು ಬದುವಿನ ಕಡೆ ನೋಡಿದಳು. "ನಮ್ಮ ಬಸಣ್ಣ ಕಡೀತನಕ ನಿಂತಕಂಡೇ ಇದ್ದ. ಮಣ್ಣು ತಿನ್ನೋದೆಲ್ಲ ತಿಂದೈತಿ. ಅದು ಬಿಟ್ಟದ್ದು ನಿಮಗ. ಆದ್ರ ಮೂಲ್ಯಾಗ ಗುಡ್ಡೆ ಹಾಕಬ್ಯಾಡ್ರಿ, ನಿಲ್ಲಿಸಬೇಕು" ಎಂದಳು. ವಾಪಸು ಬರುವಾಗ ಮೇಷ್ಟ್ರು ಸೈಕಲ್ಲು ಹತ್ತದೆ ತಳ್ಳಿಕೊಂಡೇ ನಡೆದರು. "ಕೇಳಿದ್ರಾ ಪಂಡಿತರೇ? ಮಣ್ಣು ಬಿಟ್ಟದ್ದು. ನಿಮ್ಮ ಪದ ಇದರ ಹತ್ತಿರದಲ್ಲೆಲ್ಲೋ ಇರ್ಬೇಕು ನೋಡಿ" ಎಂದರು. ನಾನು ನೋಡುತ್ತೇನೆ ಎಂದೆ.

ಎಲುಬುಗಳು ಗಾಡಿಯಲ್ಲಿ ಅವರ ಹಿತ್ತಿಲಿಗೆ ಬಂದವು. ಬಾಲದ ಸಣ್ಣ ಮಣಿಗಳಿಗಾಗಿ ಗುಂಡಿಯ ಮಣ್ಣನ್ನೆಲ್ಲ ಜರಡಿ ಹಿಡಿದಿದ್ದರು. ಸೋಡಾ ಹಾಕಿದ ನೀರಿನಲ್ಲಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ, ನೆರಳಿನಲ್ಲಿ ಒಣಗಿಸುವುದು. ಬಿಸಿಲಿಗೆ ಹಾಕಿದರೆ ಬಿರಿಯುತ್ತದಂತೆ. ಒಂದೊಂದರ ಮೇಲೂ ಮಸಿಯಿಂದ ನಂಬರು. ಉಜ್ಜುವಾಗ ಅವರು ಎಲುಬಿನ ಜೊತೆ ಮಾತಾಡುತ್ತಿದ್ದರು: "ಇಲ್ಲಿ ನೊಗ ಕೂತಿತ್ತು ನೋಡು, ಎಷ್ಟು ಸವೆದಿದೆ." ನಾನು ಹೋದರೆ ಅದೇ ಮಾತನ್ನು ನನಗೆ ಹೇಳುತ್ತಿದ್ದರು. ಮೊದಲು ಹಸಿ ವಾಸನೆ ಇದ್ದದ್ದು ನಿಜ. ಬೀದಿಯಲ್ಲಿ ಗುಲ್ಲಾಯಿತು, ಮನುಷ್ಯರ ಎಲುಬೇ ಎಂದು ಕೆಲವರು ಹೇಳಿದರು. ಯಜಮಾನಿತಿ ದೀಪಾವಳಿ ಕಳೆದ ಮೇಲೆ ಮನೆ ಖಾಲಿ ಮಾಡಿ ಎಂದಳು. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿಯ ಎರಡೂ ಪಕ್ಕದ ಕುರ್ಚಿಗಳು ಖಾಲಿಯಾದವು.

ಅದೇ ಹೊತ್ತಿಗೆ ನನಗೆ ಉಳವಿಯ ಒಂದು ಹುಡುಗಿಯ ಸಂಬಂಧದ ಮಾತು ನಡೆದಿತ್ತು. ಹುಡುಗಿಯನ್ನು ನೋಡಿ ಬಂದಿದ್ದೆ, ಮನಸ್ಸಿಗೆ ಬಂದಿದ್ದಳು. ಆಕೆಯ ಸೋದರಮಾವನಿಗೆ ಶಿಕಾರಿಪುರದಲ್ಲಿ ಬಟ್ಟೆ ಅಂಗಡಿ, ಅದೂ ಮೇಷ್ಟ್ರ ಬೀದಿಯಲ್ಲೇ, ಎರಡು ಮನೆ ಈಚೆಗೆ. ಅವರು ಹೂಂ ಎಂದರೆ ಮದುವೆ. ಒಂದು ದಿನ ಅಂಗಡಿಗೆ ಹೋದಾಗ ಅವರು, "ಆ ಮೇಷ್ಟ್ರ ಹಿತ್ತಿಲಿಂದ ಎಂಥ ವಾಸನೆ ಮಾರಾಯ್ರೇ, ಕೂರ್ಲಿಕ್ಕಾಗಲ್ಲ" ಎಂದರು. ನಾನು "ಹೌದು ಹೌದು" ಎಂದೆ. ಆಮೇಲೆ ಹಿಂದಿನ ಓಣಿಯನ್ನೂ ಬಿಟ್ಟೆ.

ದೀಪಾವಳಿಗೆ ಎರಡು ದಿನ ಮುಂಚೆ ಮೇಷ್ಟ್ರು ಸ್ಕೂಲಿನ ಅಂಗಳದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. ಮುಖ ಬೆಳಗುತ್ತಿತ್ತು. "ನಿಂತಿದೆ ರೀ. ನಡುಮನೆಯಲ್ಲಿ ನಿಲ್ಲಿಸಿದೀನಿ. ಹದಿಮೂರು ಜೊತೆ ಪಕ್ಕೆಲುಬು, ಒಂದೂ ತಪ್ಪಿಲ್ಲ. ಪಾಡ್ಯದ ದಿನ ಊರಿನ ಎತ್ತಿಗೆಲ್ಲ ಪೂಜೆ, ನಮ್ಮದಕ್ಕೂ ಆಗಲಿ ಅಂತ. ಊಟಕ್ಕೆ ಕೆಲವರನ್ನ ಕರೆದಿದೀನಿ. ಅವರು ಬರದಿದ್ರೂ ನಡೆಯುತ್ತೆ. ನೀವು ಬರಬೇಕು" ಎಂದರು. ಆಮೇಲೆ, "ಈ ಸಲ ಮುಂದಿನ ಬಾಗಿಲಿಂದ ಬನ್ನಿ" ಎಂದರು.

ಓಣಿಯ ವಿಷಯ ಅವರಿಗೆ ಗೊತ್ತಿತ್ತು. ಮುಖ ತಗ್ಗಿಸಿ, ಖಂಡಿತ ಬರುತ್ತೇನೆ ಎಂದೆ.

ಬರುತ್ತೇನೆ ಎಂದದ್ದು ಸುಳ್ಳಲ್ಲ. ಪಾಡ್ಯದ ದಿನ ಸ್ನಾನ ಮಾಡಿ, ಮಡಿಸಿಟ್ಟ ಪಂಚೆ ಉಟ್ಟು, ಅರ್ಧ ಡಜನ್ ಬಾಳೆಹಣ್ಣು ಹಿಡಿದು ಹೊರಟೆ. ಬೀದಿಯಲ್ಲಿ ಕೊಂಬಿಗೆ ಬಣ್ಣ ಹಚ್ಚಿಕೊಂಡ ಹೋರಿಗಳು. ಮೇಷ್ಟ್ರ ಬೀದಿಗೆ ತಿರುಗಿದೆ. ಅಂಗಡಿಯ ಜಗಲಿಯ ಮೇಲೆ ಹುಡುಗಿಯ ಸೋದರಮಾವ ಜರಿಯಂಚಿನ ಶಲ್ಯ ಹೊದ್ದು ಕೂತಿದ್ದರು. ಅವರಾಚೆ ಎರಡು ಮನೆ ದಾಟಿದರೆ ತೋರಣ ಕಟ್ಟಿದ ಬಾಗಿಲು ಕಾಣುತ್ತಿತ್ತು.

"ಓ, ಬನ್ನಿ ಬನ್ನಿ. ಎಲ್ಲಿಗೆ ಹೊರಟಿದ್ದು ಪಂಡಿತರು?" ಎಂದರು.

"ಬಸ್‌ಸ್ಟ್ಯಾಂಡಿಗೆ" ಎಂದೆ. "ಊರಿಗೆ. ಅಮ್ಮನಿಗೆ ಹುಷಾರಿಲ್ಲ."

ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಬಸ್‌ಸ್ಟ್ಯಾಂಡು ಇದ್ದದ್ದು ಹಿಂದಿನ ದಿಕ್ಕಿಗೆ. ಅವರು ಅದನ್ನು ಗಮನಿಸಿದರೋ ಇಲ್ಲವೋ, ಚಪ್ಪಲಿ ಮೆಟ್ಟಿಕೊಂಡರು. "ಹಬ್ಬದ ದಿನ ಹೀಗಾಯ್ತಲ್ಲ. ನಡೀರಿ, ನಾನೂ ಬರ್ತೆ" ಎಂದು ನನ್ನ ಜೊತೆ ಬಸ್‌ಸ್ಟ್ಯಾಂಡಿಗೆ ಬಂದರು. ಹೊಸ ಸಂಬಂಧದ ಮರ್ಯಾದೆ. ನಾನು ದಾರಿಯುದ್ದಕ್ಕೂ ಬೇಡ ಬೇಡ ಎಂದೆ, ಅವರು ಕೇಳಲಿಲ್ಲ. ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಸೀಟು ಹಿಡಿದು ಕೂರಿಸಿ, ಬಸ್ಸು ಹೊರಡುವವರೆಗೆ ಕಿಟಕಿಯ ಹತ್ತಿರ ನಿಂತು, ಅಮ್ಮನಿಗೆ ಕಷಾಯ ಮಾಡುವ ಕ್ರಮ ಹೇಳಿದರು. ಊರು ಮುಟ್ಟಿದಾಗ ಅಮ್ಮ ಗಟ್ಟಿಮುಟ್ಟಾಗಿ ಹೋಳಿಗೆ ಬೇಯಿಸುತ್ತಿದ್ದಳು. ನಾನು ಬಂದೆನೆಂದು ಹಿಗ್ಗಿದಳು. ಬಾಳೆಹಣ್ಣನ್ನು ಅವಳ ಕೈಗೆ ಕೊಟ್ಟೆ.

ರಜ ಮುಗಿದು ಸ್ಕೂಲು ಶುರುವಾದ ದಿನ ಮೇಷ್ಟ್ರ ಹತ್ತಿರ ನಾನೇ ಹೋದೆ. "ಅಮ್ಮನಿಗೆ..." ಎಂದು ಆರಂಭಿಸಿದೆ.

"ಗೊತ್ತಾಯ್ತು ರೀ. ಬಸ್ಸು ಹತ್ತಿದ್ರಂತೆ. ಈಗ ಹೇಗಿದಾರೆ?"

"ವಾಸಿ."

"ಒಳ್ಳೇದಾಯ್ತು."

ಬಸ್ಸಿನ ವಿಷಯ ಯಾರು ಹೇಳಿದರು ಎಂದು ಕೇಳುವ ಬಾಯಿ ನನಗಿರಲಿಲ್ಲ. ಎತ್ತು ಸ್ಕೂಲಿಗೆ ಬಂತು, ಮಕ್ಕಳು ಅದರ ಪಕ್ಕೆಲುಬು ಎಣಿಸಿದರು. ಅವರು ಊರಾಚೆ ಒಂದು ಕೋಣೆ ಹಿಡಿದರು. ನನ್ನನ್ನು ಕಂಡರೆ ಮೊದಲಿನ ಹಾಗೇ ನಗುತ್ತಿದ್ದರು, ಹವೆಯ ಬಗ್ಗೆ, ಪರೀಕ್ಷೆಯ ಬಗ್ಗೆ ಮಾತಾಡುತ್ತಿದ್ದರು. ಮೇಜು ತಟ್ಟಿ ಪದ ಕೇಳಲಿಲ್ಲ. ಆ ಖಾಲಿ ಜಾಗದಲ್ಲಿ ಅವರು ಏನು ಬರೆದರೋ ನನಗೆ ತಿಳಿಯದು. ನಾನು ಹುಡುಕಿದೆ, ಎರಡು ಮೂರು ಪದ ಕಟ್ಟಿಯೂ ಇಟ್ಟೆ. ಕೇಳದವರಿಗೆ ಹೋಗಿ ಹೇಗೆ ಕೊಡುವುದು?

ಬೇಸಿಗೆಯಲ್ಲಿ ಉಳವಿಯಲ್ಲಿ ನನ್ನ ಮದುವೆಯಾಯಿತು. ಅವರಿಗೆ ಕರೆಯೋಲೆ ಕೊಟ್ಟೆ, ಬನ್ನಿ ಎಂದು ಬಾಯಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಆದರೂ ಬಂದರು. ಧಾರೆಯ ಹೊತ್ತಿಗೆ ದೂರದಿಂದ ಅಕ್ಷತೆ ಹಾಕಿದ್ದನ್ನು ನೋಡಿದೆ. ಎರಡನೆಯ ಪಂಕ್ತಿ ಕೂತಾಗ ಸೋದರಮಾವ ನನ್ನ ಪಕ್ಕ ಬಂದು ಕೂತು ಮಾತಿಗೆ ಶುರುಮಾಡಿದರು.

"ನಿಮ್ಮ ಎಲುಬಿನ ಮೇಷ್ಟ್ರು ಬಂದಿದ್ರಲ್ಲ ಅಳಿಯಂದ್ರೇ. ಪಾಪ, ಪಾಡ್ಯದ ದಿನ ಬೀದಿಯ ಕೆಲವರನ್ನ ಊಟಕ್ಕೆ ಕರೆದಿದ್ರು. ನನ್ನನ್ನೂ. ಹೋಗ್ಬೇಕು ಅಂತ ಮನಸ್ಸು, ಒಬ್ಬನೇ ಹೋಗ್ಲಿಕ್ಕೆ ಒಂಥರಾ ಸಂಕೋಚ. ಅದಕ್ಕೇ ಜಗಲಿ ಮೇಲೆ ಕೂತಿದ್ದೆ. ನೀವು ಹಣ್ಣು ಹಿಡ್ಕೊಂಡು ಬರೋದು ಕಂಡು, ಸದ್ಯ, ಜೊತೆಗೊಬ್ಬರು ಸಿಕ್ಕಿದ್ರು ಅಂದ್ಕೊಂಡೆ. ನೋಡಿದ್ರೆ ನೀವು ಬಸ್‌ಸ್ಟ್ಯಾಂಡಿಗೆ ಅಂದ್ರಿ."

ನಾನು ಅವರ ಮುಖ ನೋಡಿದೆ. ಅವರು ಎಲೆಯಲ್ಲಿ ಅನ್ನ ಕಲಸುತ್ತಿದ್ದರು.

"ಬಸ್ಸು ಹೋದ್ಮೇಲೆ ಆದದ್ದಾಗ್ಲಿ ಅಂತ ನಾನೇ ಹೋದೆ. ಉಡುತಡಿ ಮುದುಕಿ ಬೆಳಿಗ್ಗೇನೇ ಬಂದು ಎತ್ತಿನ ಕೊಂಬಿಗೆ ಗೊಂಡೆ ಕಟ್ಟಿ ಹೋಗಿದ್ಲಂತೆ. ಎಂಟು ಎಲೆ ಹಾಕಿದ್ರು ಮಾರಾಯ್ರೇ. ಉಣ್ಲಿಕ್ಕೆ ನಾನೊಬ್ಬ. ಪಂಡಿತರು ಖಂಡಿತ ಬರ್ತಾರೆ, ಸ್ವಲ್ಪ ಕಾಯುವ ಅಂದ್ರು. ನಾನೇ ಬಸ್ಸು ಹತ್ತಿಸಿ ಬಂದೆ ಅಂದೆ. ಆಮೇಲೆ ಬಡಿಸಿದ್ರು."

ಬಾಸಿಂಗ ಕಟ್ಟಿಕೊಂಡೇ ಎಲೆಯಿಂದ ಎದ್ದೆ. ಮದುಮಗ ಎಲೆಯಿಂದ ಏಳಬಾರದು ಎಂದು ಯಾರೋ ಕೂಗಿದರು. ಚಪ್ಪರದಲ್ಲಿ ನೋಡಿದೆ, ಜಗಲಿಯಲ್ಲಿ ನೋಡಿದೆ. ಹೊರಗೆ ಕೈ ತೊಳೆಯಲು ನೀರು ಹಾಕುತ್ತಿದ್ದ ಆಳನ್ನು ಕೇಳಿದೆ.

"ಆ ಉದ್ದನೆ ಮೇಷ್ಟ್ರಾ? ಮೊದ್ಲನೇ ಪಂಕ್ತೀಲೇ ಉಂಡು ಬಸ್ಸಿಗೆ ಹೋದ್ರು" ಎಂದ. "ಮದುಮಗ ಕೇಳಿದ್ರೆ, ಹೊಟ್ಟೆ ತುಂಬ ಉಂಡೆ ಅಂತ ಹೇಳು ಅಂದ್ರು."